ಭೂಮಿಯ ಹೊಟ್ಟೆಯಲ್ಲಿ ಮಂಗಳನಿಗಿಂತ ದೊಡ್ಡ ಗುಂಡು

ಎಲ್ಲರಿಗೂ ನಮಸ್ಕಾರ. ಗ್ರಹಗಳ ಗಾತ್ರದ ಮಾತು ಬಂದರೆ ನಾವು ಹೊರಗಿನ ಅಳತೆ ನೋಡಿ ಸುಮ್ಮನಾಗಿಬಿಡುತ್ತೇವೆ. ಗುರುವಿನ ಅಡ್ಡಳತೆ ಭೂಮಿಯ 11 ಪಟ್ಟು, ಶನಿಯದು 9 ಪಟ್ಟು, ಯುರೇನಸ್, ನೆಪ್ಚೂನ್ ಹತ್ತಿರಹತ್ತಿರ 4 ಪಟ್ಟು. ಆದರೆ ಆ ನಾಲ್ಕರಲ್ಲೂ ಕಾಲೂರಲು ಗಟ್ಟಿ ನೆಲವೇ ಇಲ್ಲ. ಕಲ್ಲಿನ ಗ್ರಹಗಳ ಸಾಲಿನಲ್ಲಿ ಹಿರಿಯಣ್ಣ ನಮ್ಮ ಭೂಮಿಯೇ. ಅಡ್ಡಳತೆ 12,742 ಕಿ.ಮೀ. ಶುಕ್ರ 12,104, ಮಂಗಳ 6,779, ಬುಧ 4,879.

ಈಗ ಒಳಗೆ ಹೋಗೋಣ. ನಾವು ನಿಂತಿರುವ ಭೂಕವಚ ಸಮುದ್ರದ ತಳದಲ್ಲಿ ಬರೀ 5ರಿಂದ 10 ಕಿ.ಮೀ. ದಪ್ಪ. ಖಂಡಗಳ ಕೆಳಗೆ ಸುಮಾರು 35, ಹಿಮಾಲಯದ ಕಡೆ 70ರವರೆಗೂ ಇದೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಜಾಸ್ತಿ ಆಳಕ್ಕೆ ಇಳಿದಿತ್ತು. ಅಷ್ಟಕ್ಕೇ ಅಲ್ಲಿನ ಕಲ್ಲು ಎಷ್ಟು ಬಿಸಿ ಅಂದರೆ ಮೇಲಿನಿಂದ ತಂಪು ಗಾಳಿ ಕಳಿಸದೆ ಕೆಲಸ ನಡೆಯುತ್ತಿರಲಿಲ್ಲ. ರಷ್ಯಾದ ಕೋಲಾದಲ್ಲಿ 12,262 ಮೀಟರ್ ಕೊರೆದರು, ಅಲ್ಲಿ 180 ಡಿಗ್ರಿ ಶಾಖ ಎದುರಾಗಿ ನಿಲ್ಲಿಸಬೇಕಾಯಿತು. ಭೂಮಿಯ ಕೇಂದ್ರ 6,371 ಕಿ.ಮೀ. ಕೆಳಗಿದೆ!

ಹಾಗಾದರೆ ಒಳಗಿರುವುದು ಗೊತ್ತಾಗಿದ್ದು ಹೇಗೆ? ಭೂಕಂಪಗಳಿಂದ. ಇದರಲ್ಲಿ ಭಾರತದ ಪಾತ್ರ ದೊಡ್ಡದು, ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡಲೇಬೇಕು ಅನ್ನುವುದು ನನ್ನ ಆಸೆ. 1897ರಲ್ಲಿ ಅಸ್ಸಾಂನಲ್ಲಿ ಭಾರೀ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಓಲ್ಡ್‌ಹ್ಯಾಮ್ ಅದರ ದಾಖಲೆಗಳನ್ನು ಕೂತು ನೋಡಿದರು. ಒಂದೇ ಕಂಪನದಿಂದ ಹೊರಟ ಅಲೆಗಳು ದೂರದ ಯುರೋಪಿಗೆ ಬೇರೆಬೇರೆ ಹೊತ್ತಿಗೆ ತಲುಪಿದ್ದವು. ಮೊದಲು ಬರುವುದು ಪಿ ಅಲೆ, ಹಿಂದಿನಿಂದ ಬರುವುದು ಎಸ್ ಅಲೆ. 1906ರಲ್ಲಿ ಇದೇ ಜಾಡು ಹಿಡಿದು, ಭೂಮಿಯ ನಡುವೆ ಬೇರೆಯೇ ಒಂದು ಗುಂಡು ಇದೆ ಅಂತ ಅವರು ತೋರಿಸಿಕೊಟ್ಟರು.

ಎಸ್ ಅಲೆಗೆ ಒಂದು ಗುಣವಿದೆ, ದ್ರವದೊಳಗೆ ಅದು ಸಾಗುವುದಿಲ್ಲ. ಭೂಕವಚದ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಲ್ಲಿ ಆರಾಮಾಗಿ ಸಾಗುತ್ತದೆ, ಅಂದರೆ ಮ್ಯಾಂಟಲ್ ಗಟ್ಟಿ ಕಲ್ಲು. ಅದು ಪೂರ್ತಿ ಲಾವಾ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಗಟ್ಟಿಯಾಗಿದ್ದುಕೊಂಡೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ. 2,890 ಕಿ.ಮೀ. ಆಳಕ್ಕೆ ಬಂದಾಗ ಎಸ್ ಅಲೆ ಥಟ್ಟನೆ ನಿಂತುಹೋಗುತ್ತದೆ. ಅಲ್ಲಿಂದ ಕೆಳಗೆ ಕರಗಿದ ಕಬ್ಬಿಣ, ಜೊತೆಗೆ ನಿಕ್ಕಲ್. ಅದರ ಹರಿದಾಟದಿಂದಲೇ ನಮ್ಮ ಕಾಂತಕ್ಷೇತ್ರ ಹುಟ್ಟುವುದು.

ಆಮೇಲೆ ಡೆನ್ಮಾರ್ಕಿನ ಭೂಕಂಪತಜ್ಞೆ ಇಂಗೆ ಲೇಮನ್. 1929ರ ನ್ಯೂಜಿಲೆಂಡ್ ಭೂಕಂಪದ ಸಣ್ಣ ಅಲೆಗಳು, ಬರಬಾರದ ಜಾಗಗಳಲ್ಲಿ ದಾಖಲಾಗಿದ್ದವು. ಬೇರೆಯವರು ಅದಕ್ಕೆ ಏನೇನೋ ಕಾರಣ ಕೊಟ್ಟು ಮುಂದೆ ಹೋದರು. ಈಕೆ ಬಿಡಲಿಲ್ಲ. ದ್ರವದ ನಡುವೆ ಮತ್ತೊಂದು ಗುಂಡು ಇದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ ಅಂತ 1936ರಲ್ಲಿ ಬರೆದರು. ಆ ಒಳಗುಂಡಿನ ತ್ರಿಜ್ಯ ಸುಮಾರು 1,220 ಕಿ.ಮೀ. ಅದು ಗಟ್ಟಿ.

ಈಗ ಗಾತ್ರದ ಹೋಲಿಕೆಗೆ ವಾಪಸ್ ಬರೋಣ. ಗಟ್ಟಿ ಒಳಗುಂಡು, ಅದರ ಸುತ್ತಲಿನ ಕರಗಿದ ಲೋಹ ಎರಡೂ ಸೇರಿದ ನಮ್ಮ ಕೇಂದ್ರಗೋಳದ ತ್ರಿಜ್ಯ 3,480 ಕಿ.ಮೀ. ಇಡೀ ಮಂಗಳ ಗ್ರಹದ ತ್ರಿಜ್ಯ 3,390! ಬುಧನದ್ದು ಇನ್ನೂ ವಿಚಿತ್ರ, ಅದರ ತ್ರಿಜ್ಯದ ಶೇ. 85ರಷ್ಟು ಬರೀ ಲೋಹದ ಗುಂಡು. ಹೊರಗಿನ ಅಳತೆಯಿಂದ ಇದೆಲ್ಲ ಗೊತ್ತಾಗುತ್ತಿತ್ತಾ?

2018ರಲ್ಲಿ ನಾಸಾದ ಇನ್‌ಸೈಟ್ ಮಂಗಳನ ಮೇಲಿಳಿದು ಕಂಪನಮಾಪಕ ಇಟ್ಟಿತು. ಒಂದೇ ಉಪಕರಣದಿಂದ ಅಲ್ಲಿನ ಕೇಂದ್ರಗೋಳದ ಅಳತೆ ಸಿಕ್ಕಿತು, ಅದು ಸುಮಾರು 1,800 ಕಿ.ಮೀ. ತ್ರಿಜ್ಯದ್ದು ಅಂತ 2021ರಲ್ಲಿ ಪ್ರಕಟವಾಯಿತು, 2023ರಲ್ಲಿ ಅದನ್ನು ಸುಮಾರು 1,650ರಿಂದ 1,675ಕ್ಕೆ ತಿದ್ದಿದರು. ಗಾತ್ರದಲ್ಲಿ ನಮಗೆ ಅತಿ ಹತ್ತಿರದ ಶುಕ್ರನಲ್ಲಿ ಮಾತ್ರ ಈ ಕೆಲಸ ಇನ್ನೂ ಆಗಿಲ್ಲ. ನೆಲದ ಶಾಖವೇ 460 ಡಿಗ್ರಿಗೂ ಜಾಸ್ತಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಅಲ್ಲಿ 127 ನಿಮಿಷ ಬಾಳಿತು. ಒಂದು ಭೂಕಂಪಕ್ಕೆ ಕಾದು ಕೂರಲು ಅಷ್ಟು ಹೊತ್ತು ಎಲ್ಲಿ ಸಾಕಾಗುತ್ತದೆ, ಅಲ್ವಾ?