ಒಂದು 4 ಮತ್ತು ನಲವತ್ತು ನಿಮಿಷ

ನಮಸ್ಕಾರ. ಈ ವೀಡಿಯೊದಲ್ಲಿ ಇಂದು ಬಿಡಿಸುತ್ತಿರುವುದು ಸಮುರಾಯ್ ಕಿಲ್ಲರ್ ಸುಡೊಕು. ಐದು ಗ್ರಿಡ್‌ಗಳಿದ್ದರೂ ನಡುವಿನದು ತನ್ನ ನಾಲ್ಕು ಮೂಲೆಯ 3×3 ಚೌಕಗಳನ್ನು ಉಳಿದವುಗಳೊಂದಿಗೆ ಹಂಚಿಕೊಂಡಿರುವುದರಿಂದ, ಮನೆಗಳು 405 ಅಲ್ಲ, 369. ತುಂಬಿಸಿಕೊಟ್ಟ ಅಂಕಿ ಒಂದೂ ಇಲ್ಲ. ಇರುವುದು ಕೇಜ್‌ಗಳ, ಅಂದರೆ ಚುಕ್ಕಿ ಗೆರೆಯಿಂದ ಸುತ್ತುವರಿದ ಮನೆಗಳ ಗುಂಪುಗಳ, ಮೊತ್ತ ಮಾತ್ರ. ಹಂಚಿಕೆಯ ಚೌಕಗಳೇ ಇದರಲ್ಲಿ ಅತಿ ಕಷ್ಟದ ಭಾಗ ಎಂಬುದು ನನ್ನ ಅಭಿಪ್ರಾಯ.

ಎಡ ಮೇಲಿನ ಗ್ರಿಡ್ ವೇಗವಾಗಿ ಓಡುತ್ತಿದೆ, ನೋಡುತ್ತಿರಿ. ಎರಡು ಮನೆಗಳ 17 ಎಂದರೆ 8 ಮತ್ತು 9, ಮೂರು ಮನೆಗಳ 7 ಎಂದರೆ 1, 2, 4. ಇಂಥವು ಕಂಡೊಡನೆ ಕೈಗೆ ಬರುತ್ತವೆ.

ಇಲ್ಲಿ ವೇಗ ತಗ್ಗಿಸಿದ್ದೇನೆ, ಏಕೆಂದರೆ ನಾನು ಎಡವಿದ್ದು ಇಲ್ಲೇ. ಈ ಏಳನೆಯ ಸಾಲು ಮೂರು ಗ್ರಿಡ್‌ಗಳನ್ನು ದಾಟಿಕೊಂಡು 21 ಮನೆಗಳಷ್ಟು ಉದ್ದ ಹೋಗುತ್ತದೆ. ಮೂರನೆಯ ಮನೆಯಲ್ಲಿ 4 ಖಚಿತವಾದ ಕೂಡಲೇ ನಾನು ಸಾಲಿನುದ್ದಕ್ಕೂ ಸಾಧ್ಯ ಅಂಕಿಗಳ ಪೆನ್ಸಿಲ್ ಗುರುತುಗಳಿಂದ 4ನ್ನು ಅಳಿಸುತ್ತಾ ಹೋದೆ, ನಡುವಿನ ಗ್ರಿಡ್‌ಗೆ ಮಾತ್ರ ಸೇರಿದ 10, 11, 12ನೆಯ ಮನೆಗಳನ್ನೂ ಬಿಡಲಿಲ್ಲ. ಪಕ್ಕದ 13ರಿಂದ 15ರವರೆಗಿನ ಕೇಜ್‌ನ ಮೊತ್ತ 23, ಅಂದರೆ 6, 8, 9. ಹಾಗಾಗಿ 11 ಮತ್ತು 12ನೆಯ ಮನೆಗಳ ಮೊತ್ತವಾದ 9ಕ್ಕೆ ಉಳಿದದ್ದು 2 ಮತ್ತು 7, ಇಲ್ಲವೇ 4 ಮತ್ತು 5. ನಾಲ್ಕನ್ನು ಅಳಿಸಿದ್ದೆನಲ್ಲ, 2 ಮತ್ತು 7 ಎಂದು ಒತ್ತಿ ಬರೆದೆ. ಅದನ್ನೇ ನಂಬಿ ನಲವತ್ತು ನಿಮಿಷ ಮುಂದೆ ಹೋದ ಮೇಲೆ, ನಡುವಿನ ಗ್ರಿಡ್‌ನ ಈ ಸಾಲಿನಲ್ಲಿ 4ಕ್ಕೆ ಜಾಗವೇ ಉಳಿದಿಲ್ಲ ಎಂಬುದು ಕಂಡಿತು.

ನಿಯಮ ಹೇಳುವುದು ನಾನು ಮಾಡಿದ್ದಕ್ಕೆ ನೇರ ವಿರುದ್ಧವಾದದ್ದನ್ನು. 7, 8, 9ನೆಯ ಮನೆಗಳು ಎಡ ಮೇಲಿನ ಮತ್ತು ನಡುವಿನ ಎರಡೂ ಗ್ರಿಡ್‌ಗಳಿಗೆ ಸೇರಿದವು. ಆದ್ದರಿಂದ ಎಡಗಡೆಯ ಆರು ಮನೆಗಳಲ್ಲಿ ಯಾವ ಅಂಕಿಗಳಿವೆಯೋ, 10ರಿಂದ 15ರವರೆಗಿನ ಆರು ಮನೆಗಳಲ್ಲೂ ಅವೇ ಇರಬೇಕು. ಮೂರನೆಯ ಮನೆಯ 4 ಅಲ್ಲಿಂದ 4ನ್ನು ಓಡಿಸುವುದಿಲ್ಲ, ಅಲ್ಲಿಗೇ ಕರೆತರುತ್ತದೆ. 23ರ ಕೇಜ್‌ನಲ್ಲಿ ಅದಕ್ಕೆ ಎಡೆಯಿಲ್ಲ. ಹತ್ತನೆಯ ಮನೆ ತನ್ನ ಕೆಳಗಿನ ಮನೆಯೊಡನೆ ಸೇರಿ 8 ಆಗಬೇಕಾದ್ದರಿಂದ, ಕೇಜ್‌ನೊಳಗೆ 4 ಎರಡು ಬಾರಿ ಬರುವಂತಿಲ್ಲದ ಕಾರಣ, ಅಲ್ಲೂ ಇಲ್ಲ. ಉಳಿದದ್ದು 11 ಮತ್ತು 12; ಅವು 4 ಮತ್ತು 5.

ಹಂಚಿಕೆಯ ಚೌಕವೇ ಕಷ್ಟ ಎಂದು ಆಗಲೇ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಇಡೀ ಒಗಟಿನಲ್ಲಿ ಅತ್ಯಂತ ಉದಾರವಾದ ಭಾಗ ಅದೇ. ಕಷ್ಟ ಕೊಡುವುದು ಕೇಜ್‌ಗಳ ಈ ಚುಕ್ಕಿ ಗೆರೆಗಳು, ಪೆನ್ಸಿಲ್ ಗುರುತುಗಳ ನಡುವೆ ಅವು ಕಾಣಿಸುವುದೇ ಇಲ್ಲ. ಗೆರೆಗಳ ಬದಲು ತೆಳುವಾದ ಬಣ್ಣ ತುಂಬಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಮೇಲಿನ ಭಾಗ ತುಂಬಿತು. ಹದಿನೈದನೆಯ ಸಾಲೂ 21 ಮನೆಗಳದ್ದೇ, ಅಲ್ಲಿ ಎಡ ಕೆಳಗಿನ ಗ್ರಿಡ್‌ನ ಆರು ಮನೆಗಳಿಂದ ಆರಂಭಿಸುತ್ತೇನೆ.