ಇಂಟರ್‌ಕೂಲರ್ ಎಷ್ಟು ದೊಡ್ಡದಿರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಡೀಸೆಲ್ ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡವರ ಮಧ್ಯೆ ಒಂದು ಮಾತು ಆಗಾಗ ಬರುತ್ತದೆ. "ಕಂಪನಿ ಕೊಟ್ಟ ಇಂಟರ್‌ಕೂಲರ್ ಸಣ್ಣದು, ದೊಡ್ಡದು ಹಾಕಿಸಿದರೆ ಗಾಡಿ ಹಾರುತ್ತೆ" ಅಂತ. ಇಂಟರ್‌ಕೂಲರ್ ಅಂದರೆ ಟರ್ಬೊದಿಂದ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪಿನಿಂದ, ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ. ದೊಡ್ಡದು ಅಂದರೆ ಎಷ್ಟು ದೊಡ್ಡದು? ಅಳತೆ ಯಾರು ಹೇಳಬೇಕು, ಅಂಗಡಿಯವರೋ, ಗಾಡಿಯೋ? ಗಾಡಿಯನ್ನೇ ಕೇಳಬೇಕು ಅಂತ ನನ್ನ ಅಭಿಪ್ರಾಯ. ಕೇಳುವ ದಾರಿಯೂ ಇದೆ. ಇವತ್ತು ಅದನ್ನೇ ಹೇಳುತ್ತೇನೆ.

ಉದಾಹರಣೆಗೆ ನಮ್ಮ ಬಿಡದಿಯಲ್ಲೇ ಜೋಡಿಸಿದ ಗಾಡಿಯೊಂದನ್ನು ತೆಗೆದುಕೊಳ್ಳೋಣ. 2009ರಲ್ಲಿ ಬಂದ ಹಳೆಯ ಟೊಯೋಟಾ ಫಾರ್ಚೂನರ್, ಮೂರು ಲೀಟರ್ ಡೀಸೆಲ್. ಸರಿಯಾಗಿ ಹೇಳಬೇಕೆಂದರೆ 2982 ಸಿಸಿ, 171 ಪಿಎಸ್ ಶಕ್ತಿ, 343 ನ್ಯೂಟನ್ ಮೀಟರ್ ಟಾರ್ಕ್. ಅದರ ಬಾನೆಟ್ ಮೇಲೆ ಒಂದು ಬಾಯಿ ಇದೆ, ನೋಡಿರುತ್ತೀರಿ. ಅದು ಚೆಂದಕ್ಕೆ ಇಟ್ಟಿದ್ದಲ್ಲ. ಅದರ ಕೆಳಗೆ, ಎಂಜಿನ್‌ನ ತಲೆಯ ಮೇಲೇ ಇಂಟರ್‌ಕೂಲರ್ ಮಲಗಿದೆ. ಗಾಡಿ ಓಡುವಾಗ ಆ ಬಾಯಿಂದ ನುಗ್ಗುವ ಗಾಳಿ ಅದನ್ನು ತಣ್ಣಗೆ ಮಾಡುತ್ತದೆ. 2016ರಲ್ಲಿ ಬಂದ ಹೊಸ ಫಾರ್ಚೂನರ್‌ನಲ್ಲಿ ಆ ಬಾಯಿ ಇಲ್ಲ. ಇಂಟರ್‌ಕೂಲರ್ ಮುಂದೆ, ಗ್ರಿಲ್ ಹಿಂದಕ್ಕೆ ಹೋಗಿದೆ.

ಇಂಟರ್‌ಕೂಲರ್ ಯಾಕೆ ಬೇಕು? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆದವರೆಲ್ಲ ಪಂಪಿನ ಬುಡ ಮುಟ್ಟಿ ನೋಡಿದ್ದಾರೆ. ಟರ್ಬೊದಲ್ಲಿ ನಡೆಯುವುದೂ ಅದೇ, ಆದರೆ ಜೋರಾಗಿ. ಹೊರಗೆ 35 ಡಿಗ್ರಿ ಬಿಸಿಲು, ಬೂಸ್ಟ್, ಅಂದರೆ ಟರ್ಬೊ ಹೆಚ್ಚಿಗೆ ಕೊಡುವ ಒತ್ತಡ, ಒಂದು ಬಾರ್ ಅಂತಿಟ್ಟುಕೊಳ್ಳಿ. ನಮ್ಮ ಸುತ್ತಲಿನ ಗಾಳಿಯ ಒತ್ತಡವೂ ಸುಮಾರು ಒಂದು ಬಾರ್, ಹಾಗಾಗಿ ಒಳಗೆ ಒಟ್ಟು ಎರಡು ಬಾರ್. ಟರ್ಬೊದಿಂದ ಹೊರಬರುವ ಗಾಳಿ ಸುಮಾರು 130 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ಆಮ್ಲಜನಕ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಒಳಗೆ ಟರ್ಬೊಗೂ ಪಿಸ್ಟನ್‌ಗೂ ಸುಡುವ ಬಿಸಿ.

ಈಗ ಲೆಕ್ಕ ನೋಡಿ, ನನಗೆ ಇಷ್ಟವಾದ ಜಾಗ ಇದು. ಹೊರಗಿನ ಗಾಳಿಗಿಂತ ಟರ್ಬೊ ಗಾಳಿ 95 ಡಿಗ್ರಿ ಜಾಸ್ತಿ ಬಿಸಿ. ಇದರಲ್ಲಿ ನೂರಕ್ಕೆ 70 ಭಾಗ ಇಳಿಸುವ ಇಂಟರ್‌ಕೂಲರ್ ಇದ್ದರೆ ಗಾಳಿ 64 ಡಿಗ್ರಿ ಆಸುಪಾಸಿಗೆ ಬರುತ್ತದೆ. ಅಷ್ಟಕ್ಕೇ ಎಂಜಿನ್‌ಗೆ ನೂರಕ್ಕೆ 20ರಷ್ಟು ಜಾಸ್ತಿ ಗಾಳಿ ಸಿಕ್ಕಿತು. ದೊಡ್ಡ ಲಾಭ. ಇನ್ನು ನೀವು ದುಡ್ಡು ಸುರಿದು 80 ಭಾಗ ಇಳಿಸುವ ದೊಡ್ಡ ಇಂಟರ್‌ಕೂಲರ್ ಹಾಕಿಸಿದಿರಿ ಅನ್ನಿ. ಗಾಳಿ 54 ಡಿಗ್ರಿಗೆ ಬಂತು. ಹೆಚ್ಚಿಗೆ ಸಿಕ್ಕಿದ್ದು ನೂರಕ್ಕೆ ಬರೀ ಮೂರು. ಅಷ್ಟೇ.

ಆ ಮೂರೂ ಉಳಿಯುತ್ತದೆಯೇ? ಅದು ಗಾಳಿಯ ದಾರಿ ಹೇಗಿದೆ ಅನ್ನುವುದರ ಮೇಲಿದೆ. ಇಂಟರ್‌ಕೂಲರ್ ಒಳಗೆ ಸಣ್ಣ ಸಣ್ಣ ಓಣಿಗಳು, ಅದರೊಳಗೂ ಫಿನ್‌ಗಳು, ಅಂದರೆ ತೆಳು ಲೋಹದ ಪಟ್ಟಿಗಳು. ಪೂರ್ತಿ ಲೋಡಿನಲ್ಲಿ 3600 ಆರ್‌ಪಿಎಂಗೆ ಈ ಮೂರು ಲೀಟರ್ ಎಂಜಿನ್ ನಿಮಿಷಕ್ಕೆ ಹತ್ತಿರ ಹತ್ತಿರ 10 ಕೆಜಿ ಗಾಳಿ ಎಳೆಯುತ್ತದೆ. ಹೌದು, ಗಾಳಿಯನ್ನು ಕೆಜಿಯಲ್ಲೇ ಹೇಳುತ್ತಿದ್ದೇನೆ. ಅಷ್ಟು ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಒತ್ತಡ ಸ್ವಲ್ಪ ಬಿದ್ದೇ ಬೀಳುತ್ತದೆ. ಹಳೆಯದರಲ್ಲಿ 0.1 ಬಾರ್ ಬೀಳುತ್ತಿತ್ತು, ಹೊಸದರಲ್ಲಿ 0.2 ಬಾರ್ ಬಿತ್ತು ಅಂದರೆ ಒಟ್ಟು ಎರಡು ಬಾರ್‌ನಲ್ಲಿ ಇನ್ನೂ 0.1 ಕಳೆಯಿತು, ನೂರಕ್ಕೆ ಐದು ಭಾಗ ಗಾಳಿ ಹೋಯಿತು. ತಂಪಿನಿಂದ ಮೂರು ಬಂತು, ಒತ್ತಡದಲ್ಲಿ ಐದು ಹೋಯಿತು. ನೋಡೋಕೆ ದೊಡ್ಡದು, ಕೆಲಸದಲ್ಲಿ ಸಣ್ಣದು.

ಇದರಲ್ಲಿ ಇನ್ನೊಂದು ವಿಷಯ ಇದೆ. ಈ ಎಂಜಿನ್‌ನ ಕಂಪ್ಯೂಟರ್ ಒತ್ತಡ ನೋಡುವುದು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಹತ್ತಿರ, ಅಂದರೆ ಇಂಟರ್‌ಕೂಲರ್ ದಾಟಿದ ಮೇಲೆ. ಅಲ್ಲಿ ಕಡಿಮೆಯಾದರೆ ಅದು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸಿ ಸರಿಮಾಡುತ್ತದೆ. ಡ್ರೈವರ್‌ಗೆ ಏನೂ ಗೊತ್ತಾಗುವುದಿಲ್ಲ. ಟರ್ಬೊ ಮಾತ್ರ ಜಾಸ್ತಿ ದುಡಿಯುತ್ತಿರುತ್ತದೆ, ಜಾಸ್ತಿ ಬಿಸಿ ಗಾಳಿ ಬಿಡುತ್ತಿರುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಅಳೆಯಿರಿ. ದೊಡ್ಡ ಖರ್ಚಿಲ್ಲ. ಒಂದು ಬೂಸ್ಟ್ ಗೇಜ್, ಎರಡು ಸಣ್ಣ ಪೈಪು, ಮಧ್ಯೆ ಒಂದು ಪುಟ್ಟ ವಾಲ್ವ್. ಒಂದು ಪೈಪು ಇಂಟರ್‌ಕೂಲರ್‌ನ ಮುಂಚೆ, ಇನ್ನೊಂದು ಆಮೇಲೆ. ಎರಡಕ್ಕೂ ಒಂದೇ ಗೇಜ್ ಇರಲಿ. ಎರಡು ಗೇಜ್ ಹಾಕಿದರೆ ಅವುಗಳ ತಪ್ಪೇ ನಿಮ್ಮ ಉತ್ತರಕ್ಕಿಂತ ದೊಡ್ಡದಾಗಬಹುದು. ಜೊತೆಗೆ ಎರಡೂ ಕಡೆ ಒಂದೊಂದು ಟೆಂಪರೇಚರ್ ಪ್ರೋಬ್. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ, ಗಾಡಿ ತುಂಬ ಜನ ಇದ್ದಾಗ, ಪಕ್ಕದಲ್ಲಿ ಕೂತವರು ಓದಿ ಬರೆದುಕೊಳ್ಳಲಿ. ಡ್ರೈವರ್ ಕಣ್ಣು ರಸ್ತೆ ಮೇಲೇ ಇರಲಿ, ಆ ತಿರುವುಗಳಲ್ಲಿ ಗೇಜ್ ನೋಡುವ ಹಾಗಿಲ್ಲ. ಒತ್ತಡ 0.1 ಬಾರ್‌ಗಿಂತ ಕಡಿಮೆ ಬೀಳುತ್ತಿದ್ದು, ಹೊರಬರುವ ಗಾಳಿ ಹೊರಗಿನ ಹವೆಗಿಂತ 25–30 ಡಿಗ್ರಿಯಷ್ಟೇ ಜಾಸ್ತಿ ಇದ್ದರೆ ನಿಮ್ಮ ಇಂಟರ್‌ಕೂಲರ್ ಸಾಕು. ದುಡ್ಡು ಟೈರಿಗೆ ಹಾಕಿ.

ಅಳತೆ ಕೆಟ್ಟದಾಗಿ ಬಂದರೂ ತಕ್ಷಣ ಅಂಗಡಿಗೆ ಓಡಬೇಡಿ. ಮೊದಲು ಇರುವುದನ್ನು ಬಿಚ್ಚಿ ನೋಡಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ಕ್ರ್ಯಾಂಕ್‌ಕೇಸ್‌ನಿಂದ, ಅಂದರೆ ಎಂಜಿನ್‌ನ ಕೆಳಭಾಗದಿಂದ, ಬರುವ ಎಣ್ಣೆಯ ಆವಿ ಇಂಟರ್‌ಕೂಲರ್ ಒಳಗೆ ಅಂಟಿಕೊಂಡಿರುತ್ತದೆ. ಬಗ್ಗಿಸಿದರೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಹೊರಗಡೆ ಫಿನ್‌ಗಳ ಮಧ್ಯೆ ಕೆಂಪು ಧೂಳು, ಹುಳು, ಒಣಗಿದ ಕೆಸರು. ಅದನ್ನು ಮೆತ್ತಗೆ ನೀರು ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್‌ನ ಜೋರು ನೀರು ಹೊಡೆದರೆ ಫಿನ್‌ಗಳು ಮಡಚಿಕೊಂಡು ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಹೋಸ್‌ಗಳು. ಸೀಳು ಬಿಟ್ಟ ಹೋಸ್, ಸಡಿಲವಾದ ಕ್ಲಾಂಪ್ ಇದ್ದರೆ ಏರಿನಲ್ಲಿ "ಸುಸ್" ಅಂತ ಸದ್ದು ಬರುತ್ತದೆ, ಹಿಂದೆ ಹೊಗೆ ಬರುತ್ತದೆ. ಮೇಲೆ ಕೂತ ಇಂಟರ್‌ಕೂಲರ್ ಆದರೆ ಬಾನೆಟ್‌ಗೂ ಅದಕ್ಕೂ ಮಧ್ಯೆ ಇರುವ ರಬ್ಬರ್ ಸೀಲ್ ನೋಡಿ. ಅದು ಹರಿದಿದ್ದರೆ ಬಾಯಿಂದ ಬಂದ ಗಾಳಿ ಕೋರ್ (ಓಣಿ, ಫಿನ್ ಇರುವ ನಡುಭಾಗ) ಒಳಗೆ ಹೋಗದೆ ಪಕ್ಕದಿಂದ ಜಾರಿಹೋಗುತ್ತದೆ. ಒಂದು ರಬ್ಬರ್ ಪಟ್ಟಿಯಲ್ಲಿ ಮುಗಿಯುವ ಕೆಲಸ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಗಾಳಿ ಬಿಸಿಯಾಗೇ ಇದೆಯೇ? ಹಾಗಾದರೆ ಗಾಡಿ ಮಾಡುವ ಕೆಲಸ ನೋಡಿ ಆರಿಸೋಣ. ಸಕಲೇಶಪುರದ ಕಾಫಿ ತೋಟದ ಏರಿನಲ್ಲಿ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್, ಹಾಕಿ ನಡಿಗೆಯ ವೇಗದಲ್ಲಿ ಹೋಗುವ ಗಾಡಿ ಬೇರೆ, ಹೈವೇಯಲ್ಲಿ ಟ್ರೇಲರ್ ಎಳೆಯುವ ಗಾಡಿ ಬೇರೆ. ನಿಧಾನ ಹೋಗುವಾಗ ಬಾನೆಟ್ ಬಾಯಿಂದ ಗಾಳಿ ಬರುವುದೇ ಇಲ್ಲ. ಕೆಳಗಿಂದ ಎಂಜಿನ್ ಬಿಸಿ ಮೇಲೇರಿ ಇಂಟರ್‌ಕೂಲರ್ ಬಿಸಿಯಾಗುತ್ತದೆ. ಅಲ್ಲಿ ಎಷ್ಟು ದಪ್ಪದ ಕೋರ್ ಹಾಕಿದರೂ ಸುಮ್ನೆ. ಕೋರ್ ಕೆಳಗೆ ಒಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ, ಇಲ್ಲವೇ ಮುಂದಕ್ಕೆ ತನ್ನಿ. ಮುಂದೆ ಇದ್ದರೆ ರೇಡಿಯೇಟರ್ ಫ್ಯಾನ್ ಅದರ ಮೂಲಕವೂ ಗಾಳಿ ಎಳೆಯುತ್ತದೆ, ಗಾಡಿ ನಿಂತಿದ್ದರೂ.

ಮುಂದೆ ಹಾಕುವುದೇ ಆದರೆ ದಪ್ಪಕ್ಕೆ ಮರುಳಾಗಬೇಡಿ, ಅಗಲ ನೋಡಿ. 600 ಮಿಮೀ ಉದ್ದ, 300 ಎತ್ತರ, 76 ದಪ್ಪದ ಕೋರ್ ಒಂದು. 700 ಉದ್ದ, 350 ಎತ್ತರ, 56 ದಪ್ಪದ್ದು ಇನ್ನೊಂದು. ಎರಡರ ಗಾತ್ರವೂ ಒಂದೇ, ಹತ್ತಿರ ಹತ್ತಿರ ಹದಿಮೂರೂ ಮುಕ್ಕಾಲು ಲೀಟರ್. ಆದರೆ ಎರಡನೆಯದರ ಮುಖ ನೂರಕ್ಕೆ 36 ಭಾಗ ಜಾಸ್ತಿ. ಜಾಗ ಹಿಡಿಸಿದರೆ ನಾನು ಎರಡನೆಯದನ್ನೇ ಹಾಕಿಸುತ್ತೇನೆ. ದಪ್ಪ ಕೋರಿನ ಹಿಂಭಾಗಕ್ಕೆ ತಲುಪುವುದು ಮುಂಭಾಗ ಬಿಸಿ ಮಾಡಿ ಬಿಟ್ಟ ಗಾಳಿ. ಅದೇ ಬಿಸಿ ಗಾಳಿ ಹಿಂದಿರುವ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಹೋಗಬೇಕು. ಇಂಟರ್‌ಕೂಲರ್ ತಣ್ಣಗಾಗಿ ಎಂಜಿನ್ ಕುದ್ದರೆ ಏನು ಬಂತು?

ಕೋರ್‌ಗಳಲ್ಲಿ ಎರಡು ಜಾತಿ. ಬಾರ್ ಆ್ಯಂಡ್ ಪ್ಲೇಟ್ ಗಟ್ಟಿ, ಕಲ್ಲೇಟು ತಡೆಯುತ್ತದೆ, ಆದರೆ ಭಾರ, ಹಿಂದಕ್ಕೆ ಹೋಗುವ ಗಾಳಿಯನ್ನೂ ಜಾಸ್ತಿ ತಡೆಯುತ್ತದೆ. ಟ್ಯೂಬ್ ಆ್ಯಂಡ್ ಫಿನ್ ಹಗುರ, ಗಾಳಿ ಸಲೀಸಾಗಿ ದಾಟುತ್ತದೆ, ಆದರೆ ಪೆಟ್ಟು ಬಿದ್ದರೆ ಬೇಗ ಹಾಳಾಗುತ್ತದೆ.

ದೊಡ್ಡ ಇಂಟರ್‌ಕೂಲರ್ ಹಾಕಿದರೆ ಪಿಕಪ್ ಸತ್ತುಹೋಗುತ್ತೆ ಅನ್ನುವವರಿದ್ದಾರೆ. ಪೈಪು, ಕೋರ್ ಸೇರಿ ಹತ್ತು ಲೀಟರ್ ಜಾಗ ಹೆಚ್ಚಾಯಿತು ಅನ್ನಿ. 1500 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ 37 ಲೀಟರ್ ಗಾಳಿ ನುಂಗುತ್ತದೆ. ಅದರ ಪಕ್ಕದಲ್ಲಿ ಹತ್ತು ಲೀಟರ್ ತುಂಬುವುದು ಸೆಕೆಂಡಿನ ಒಂದು ಪಾಲು. ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಗೊತ್ತಾಗಬಹುದು, ಹೆದರುವಷ್ಟಿಲ್ಲ.

ಇನ್ನೊಂದು ನಂಬಿಕೆ ಮಾತ್ರ ಬಿಡಲೇಬೇಕು. ಇಂಟರ್‌ಕೂಲರ್ ಒಂದರಿಂದಲೇ ಶಕ್ತಿ ಬರುವುದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಶಕ್ತಿ ಕೊಡುವುದು ಇಂಜೆಕ್ಟರ್ ಬಿಡುವ ಡೀಸೆಲ್. ಅದು ಎಷ್ಟು ಅನ್ನುವುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ರೀಮ್ಯಾಪ್ ಮಾಡಿಸದ, ಅಂದರೆ ಕಂಪ್ಯೂಟರ್‌ನ ಆ ಲೆಕ್ಕ ಬದಲಾಯಿಸದ, ಗಾಡಿಯಲ್ಲಿ ಹೊಗೆ ಕಡಿಮೆಯಾಗುತ್ತದೆ, ಸೈಲೆನ್ಸರ್ ಕಡೆಯ ಬಿಸಿ ಇಳಿಯುತ್ತದೆ, ಉದ್ದ ಏರಿನಲ್ಲಿ ಗಾಡಿ ಸುಸ್ತಾಗುವುದಿಲ್ಲ. ಅದೇ ದೊಡ್ಡ ಉಪಕಾರ. ರೀಮ್ಯಾಪ್ ಮಾಡಿಸಿದವರಿಗೆ ಒಳ್ಳೆಯ ಇಂಟರ್‌ಕೂಲರ್ ಬೇಕೇ ಬೇಕು, ಜೊತೆಗೆ ಎಕ್ಸಾಸ್ಟ್ ಬಿಸಿ ತೋರಿಸುವ ಗೇಜ್ ಕೂಡ. ಟರ್ಬೊಗೆ ಮುಂಚೆ ಅಳೆದಾಗ 700 ಡಿಗ್ರಿ ದಾಟಿ ಹೊತ್ತುಗಟ್ಟಲೆ ಓಡಿಸಬಾರದು ಅನ್ನುವುದು ಈ ಕೆಲಸದವರು ಪಾಲಿಸುವ ಮಿತಿ.

ಬೆಂಗಳೂರಿನಿಂದ ಲಡಾಖ್‌ಗೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಖರ್ದುಂಗ್ಲಾ ಘಾಟಿ 5,359 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಹೊರಗೆ ಚಳಿ ಇದ್ದರೂ ಅದೇ ಬೂಸ್ಟ್ ಕೊಡಲು ಟರ್ಬೊ ಎಷ್ಟೋ ಜಾಸ್ತಿ ತಿರುಗಬೇಕು, ಬಿಸಿಯೂ ಜಾಸ್ತಿ. ತಣ್ಣಗೆ ಮಾಡುವ ಗಾಳಿಯೂ ತೆಳು. ಅಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತುಳಿದು ಎಳೆಸಬೇಡಿ, ಗೇರ್ ಇಳಿಸಿ.

ಗಾಡಿಗೆ ಏನು ಬದಲಾಯಿಸುವುದಿದ್ದರೂ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿ. ಗಾಡಿ ವಾರಂಟಿಯಲ್ಲಿದ್ದರೆ ಕೈ ಹಾಕಲೇಬೇಡಿ. ಹಾಕಿಸಿದ ಮೇಲೆ ಎಲ್ಲ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ, ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿಸಿ, ಗುಳ್ಳೆ ಬರುತ್ತದೆಯೇ ನೋಡಿ. ನಂತರ ಅದೇ ಘಾಟಿ, ಅಷ್ಟೇ ಜನ, ಅದೇ ಗೇರ್. ಗೇಜ್ ಮತ್ತೆ ಓದಿ, ಹಳೆಯ ಅಂಕಿಗಳ ಪಕ್ಕ ಬರೆಯಿರಿ. ರೇಡಿಯೇಟರ್ ಮುಳ್ಳು ಮೊದಲಿಗಿಂತ ಮೇಲೆ ಹೋಗುತ್ತಿದ್ದರೆ ಕೋರ್ ದಪ್ಪವಾಯಿತು ಅಂತ ಅರ್ಥ, ತೆಳುವಾದದ್ದಕ್ಕೆ ಬದಲಾಯಿಸಿ.

ನಮಸ್ಕಾರ.