ಕಾಲಿನೊಳಗೆ ಮೀನು ಒದ್ದಾಡಿದ ಹಾಗೆ

ಕೇಳುಗರಿಗೆ ನಮಸ್ಕಾರ.

ಮಲ್ಪೆಯ ಮೀನುಗಾರರನ್ನು ಕೇಳಿ ನೋಡಿ. ಬಲೆಗೆ ಒಮ್ಮೊಮ್ಮೆ ಒಂದು ಜಾತಿಯ ತೊರಕೆ ಬೀಳುತ್ತದೆ. ಬರಿಗೈಯಲ್ಲಿ ಮುಟ್ಟಿದಿರೋ, ಜುಂ ಅಂತ ಶಾಕ್! ಸುಮಾರು 2000 ವರ್ಷದ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಇಂಥದೇ ಮೀನಿನ ಮೇಲೆ ಕಾಲಿಡಿ, ಗೌಟ್ ಅನ್ನುವ ಕೀಲುನೋವು ಹೋಗುತ್ತದೆ ಅಂತ ಬರೆದಿಟ್ಟಿದ್ದಾನೆ. ಈಗ ಮೀನಿನ ಬದಲು ಅಂಗೈಯಗಲದ ಮೆಷಿನ್ ಬಂದಿದೆ. ಕೆಲಸವೂ ಬೇರೆ, ಕರೆಂಟಿನಿಂದ ಸ್ನಾಯುವಿಗೆ ವ್ಯಾಯಾಮ ಮಾಡಿಸುವುದು. ಫಿಸಿಯೋಥೆರಪಿಸ್ಟ್ ಆದ ನಾನು ಅದನ್ನು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಕಾಯಿಲೆ ಇರುವವರ ಕಾಲಿಗೂ ಹಾಕುತ್ತೇನೆ.

ಹೃದಯದ ಕಾಯಿಲೆಗೆ ಕಾಲಿಗೆ ಯಾಕೆ ಕರೆಂಟು ಅಂತೀರಾ?

ನಮ್ಮಲ್ಲಿ "ಪಂಪಿಂಗ್ ಕಡಿಮೆ ಉಂಟು" ಅನ್ನುತ್ತಾರಲ್ಲ, ಅದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ ಸಿಗುವ ಲೆಕ್ಕ: ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅಂತ. ಶೇಕಡಾ 55ರ ಮೇಲಿದ್ದರೆ ಸರಿ. 40ಕ್ಕಿಂತ ಕೆಳಗಿದ್ದರೆ ಹೃದಯದ ಪಂಪು ದುರ್ಬಲವಾಗಿದೆ. ಆದರೆ ಪಂಪಿಂಗ್ 25 ಇದ್ದವರೂ ಮಾರ್ಕೆಟಿಗೆ ನಡೆದು ಹೋಗುವುದುಂಟು, 35 ಇದ್ದವರು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವುದುಂಟು. ವ್ಯತ್ಯಾಸ ಹೆಚ್ಚಾಗಿ ಕಾಲಿನಲ್ಲಿ. ಈ ಕಾಯಿಲೆಯಲ್ಲಿ ತೊಡೆಯ ಸ್ನಾಯು ಸಣಕಲಾಗುತ್ತದೆ. ತುಂಬಾ ಹೊತ್ತು ದುಡಿಯುವ ಎಳೆಗಳು ಕಡಿಮೆಯಾಗಿ, ಬೇಗ ದಣಿಯುವ ಎಳೆಗಳು ಜಾಸ್ತಿಯಾಗುತ್ತವೆ. ಬಂದ ಆಮ್ಲಜನಕವನ್ನು ಬಳಸುವ ತಾಕತ್ತೂ ಕುಗ್ಗುತ್ತದೆ. ಸುಸ್ತು ಅಂತ ಮಲಗಿದರೆ ಸ್ನಾಯು ಇನ್ನೂ ಕರಗುತ್ತದೆ. ಒಂದು ಕಾಲದಲ್ಲಿ ಡಾಕ್ಟರರೇ ಹಾಸಿಗೆ ಬಿಟ್ಟು ಏಳಬೇಡಿ ಅನ್ನುತ್ತಿದ್ದರು, ಪಾಪ.

ನಡೆಯಲು ಆಗುವವರಿಗೆ ನಡಿಗೆಯೇ ಮದ್ದು. ಮೆಷಿನ್ ಅದಕ್ಕಿಂತ ಮೇಲಲ್ಲ. ನಾಲ್ಕು ಹೆಜ್ಜೆಗೇ ಏದುಸಿರು ಬರುವವರಿಗೆ ಮಾತ್ರ ಇದು ಬೇಕು.

ಮೀನು ಮಾರುತ್ತಿದ್ದ ಒಬ್ಬ ಅಮ್ಮ ಬಂದಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎರಡೂ ತೊಡೆಯ ಮುಂಭಾಗಕ್ಕೆ ಅಂಟಿನ ಪ್ಯಾಡ್ ಹಚ್ಚಿದೆ. ಗುಂಡಿಯನ್ನು ಮೆಲ್ಲ ತಿರುಗಿಸುತ್ತಾ ಹೋದೆ. ಮೊದಲು ಇರುವೆ ಹರಿದ ಹಾಗೆ, ಆಮೇಲೆ ತೊಡೆ ತಾನಾಗಿಯೇ ಬಿಗಿಯಾಯಿತು. ಕೆಲವು ಸೆಕೆಂಡ್ ಬಿಗಿ, ಕೆಲವು ಸೆಕೆಂಡ್ ಸಡಿಲ. ಅಮ್ಮ ತೊಡೆಯನ್ನೇ ನೋಡುತ್ತಾ, "ಒಳಗೆ ಬಂಗುಡೆ ಒದ್ದಾಡಿದ ಹಾಗೆ ಆಗ್ತದೆ ಮಾರಾಯ್ರೆ" ಅಂದರು. ಅವರು ಕೂತೇ ಇದ್ದರು, ಉಸಿರು ಏರಲಿಲ್ಲ, ತೊಡೆ ಮಾತ್ರ ದುಡಿಯುತ್ತಿತ್ತು.

ಸಾಮಾನ್ಯವಾಗಿ ದಿನಕ್ಕೆ ಅರ್ಧದಿಂದ ಒಂದು ಗಂಟೆ, ವಾರಕ್ಕೆ ಐದು ದಿನ, ಐದರಿಂದ ಹತ್ತು ವಾರ. ನೋವಾಗುವಷ್ಟು ಏರಿಸಬಾರದು. ಹೊಸದರಲ್ಲಿ ನಾನೇ ಅವಸರ ಮಾಡಿ ಒಬ್ಬರಿಗೆ ಒಮ್ಮೆಲೇ ಏರಿಸಿಬಿಟ್ಟಿದ್ದೆ. ಅವರು ಕುರ್ಚಿಯಿಂದ ಎದ್ದವರು ಒಂದು ವಾರ ಈ ಕಡೆ ತಲೆ ಹಾಕಲಿಲ್ಲ!

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪೇಸ್‌ಮೇಕರ್ ಅಥವಾ ಐಸಿಡಿ (ಬಡಿತ ಅಪಾಯಕ್ಕೆ ತಿರುಗಿದರೆ ಶಾಕ್ ಕೊಡುವ, ಮೈಯೊಳಗಿನ ಯಂತ್ರ) ಹಾಕಿಸಿಕೊಂಡವರು ಹೃದಯದ ಡಾಕ್ಟರರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಹೊರಗಿನ ಕರೆಂಟನ್ನು ಆ ಯಂತ್ರ ಹೃದಯದ ಬಡಿತ ಅಂತ ತಪ್ಪು ತಿಳಿಯಬಹುದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಪ್ಯಾಡ್ ಹಚ್ಚುವಲ್ಲಿ ಗಾಯ ಇದ್ದರೆ ಬೇಡ. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿ ಕಾಲು ಊದಿದರೆ, ಮೆಷಿನ್ ಬದಿಗಿಟ್ಟು ಮೊದಲು ಡಾಕ್ಟರರ ಹತ್ತಿರ ಹೋಗಿ. ಆನ್‌ಲೈನಿನಲ್ಲಿ ಹೊಟ್ಟೆ ಕರಗಿಸುವ ಬೆಲ್ಟ್ ಮಾರುತ್ತಾರಲ್ಲ, ಅದನ್ನು ತಂದು ಅಪ್ಪನ ಕಾಲಿಗೆ ಸುತ್ತಬೇಡಿ. ಮಾತ್ರೆ ಬಿಡುವ ಹಾಗಿಲ್ಲ. ಗಂಜಿಯ ಜೊತೆ ಒಣಮೀನು, ಉಪ್ಪಿನಕಾಯಿ ಕೂಡ ಕಡಿಮೆಯೇ ಇರಲಿ. ನಮ್ಮ ಊರಿನಲ್ಲಿ ಇದೇ ಕಷ್ಟ, ಅಲ್ವಾ?

ಆ ಅಮ್ಮನಿಗೆ ಮೊದಲ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದ್ದೆ. ನಡುವೆ ಎರಡು ಸಲ ಕೂತಿದ್ದರು. ಆರು ವಾರ ಕಳೆದ ಮೇಲೆ ಅದೇ ವರಾಂಡದಲ್ಲಿ ಪುನಃ ನಡೆಸಿದೆ. ಮೆಲ್ಲಗೆ ನಡೆದರು, ಆದರೆ ಕೂರಲಿಲ್ಲ. ಸಮಯ ಆಯಿತು ಅಂದೆ. "ಇಷ್ಟು ಬೇಗ ಆಯ್ತಾ?" ಅಂತ ಕೇಳಿ, ಇನ್ನೊಮ್ಮೆ ಬಾಗಿಲವರೆಗೆ ಹೋಗಿ ಬಂದರು.

ನಮಸ್ಕಾರ.